ಕೊಳಲೂದುವವನ ಉಸಿರು

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಂಡೆಗಲ್ಲಿನ ಬೆಟ್ಟಗಳಿಗೂ ಕಡಮೆ ಮಳೆಗೂ ಹೆಸರಾದ ಸೀಮೆ. ಹೊಲದ ಬೆಳೆಯೊಂದನ್ನೇ ನಂಬಿ ಬಾಳುವುದು ಇಲ್ಲಿ ಕಷ್ಟ; ಆದುದರಿಂದ ಕುರಿ, ಮೇಕೆ, ದನಗಳನ್ನು ಸಾಕಿ ಬದುಕುವ ಜನರು ಹಿಂದಿನಿಂದಲೂ ಹೆಚ್ಚು. ಅಂಥವರಲ್ಲಿ ಕಾಡುಗೊಲ್ಲರೂ ಸೇರಿದ್ದಾರೆ. ಮುಳ್ಳುಬೇಲಿಯಿಂದ ಸುತ್ತುವರಿದ ಅವರ ಹಟ್ಟಿಗಳು ಶಿರಾ, ಪಾವಗಡಗಳ ಕಡೆಯಲ್ಲಿಯೂ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಕಾಣಸಿಗುವುವು. ಜುಂಜಪ್ಪನು ಅವರ ವೀರ, ಅವರ ದೈವ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆ ಅವರ ಪುಣ್ಯಸ್ಥಳ. ಆತನ ಕಥೆಯನ್ನು ಹಾಡುವಾಗ ನುಡಿಸುವ ವಾದ್ಯಕ್ಕೆ ಗಣೆ ಎಂದು ಹೆಸರು. ಅದು ಬಿದಿರಿನದು, ಕೊಳಲಿನ ಜಾತಿಗೆ ಸೇರಿದುದು. ಆದರೆ ಕಚೇರಿಗಳಲ್ಲಿ ನಾವು ನೋಡುವ ಕೊಳಲಿಗಿಂತ ಬಹಳ ಉದ್ದವಾದುದು.

ಇಷ್ಟು ಉದ್ದದ ಕೊಳವೆಯನ್ನು ಗಂಟೆಗಟ್ಟಲೆ ನುಡಿಸುವವನಿಗೆ ಉಸಿರು ಎಲ್ಲಿಂದ ಬರುವುದು? ಅವನ ಎದೆ ಇತರರ ಎದೆಗಿಂತ ದೊಡ್ಡದೇ? ನೋಡುವವರಿಗೆ ಹಾಗೆಯೇ ತೋರುವುದು. ಕೊಳಲು ಕಲಿಯಲು ಹೋದ ಹುಡುಗನನ್ನೋ ಹುಡುಗಿಯನ್ನೋ "ನಿನಗೆ ಉಸಿರು ಸಾಲದು" ಎಂದು ಹಿಂದಕ್ಕೆ ಕಳುಹಿಸುವುದೂ ನಮ್ಮಲ್ಲಿ ಉಂಟು. ಈ ತೀರ್ಪು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಭೌತಶಾಸ್ತ್ರದ ಕಡೆಯಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ಮೊದಲಿಗೇ ಒಂದು ಸಂಗತಿಯನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಕರ್ನಾಟಕ ಸಂಗೀತದಲ್ಲಿ ಕೊಳಲಿನ ನುಡಿಸಾಣಿಕೆಯ ರೀತಿಯನ್ನೇ ಬದಲಾಯಿಸಿದ ಟಿ. ಆರ್. ಮಹಾಲಿಂಗಂ ಅವರು, ಎಂದರೆ ರಸಿಕರ ಬಾಯಲ್ಲಿ ಮಾಲಿಯವರು, ಹುಟ್ಟಿದುದು 1926ರಲ್ಲಿ. ಮೊದಲ ಕಚೇರಿ ಮಾಡಿದುದು ಮದರಾಸಿನ ಮೈಲಾಪುರದಲ್ಲಿ 1933ರಲ್ಲಿ. ಏಳು ವರ್ಷದ ಬಾಲಕನ ಎದೆಯಲ್ಲಿ ಬೆಳೆದವನ ಎದೆಯ ಗಾಳಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚೇನೂ ಹಿಡಿಸದು. ಗಾಳಿಯ ಮೊತ್ತವೇ ಮುಖ್ಯವಾಗಿದ್ದಿದ್ದರೆ ಆ ಕಚೇರಿ ನಡೆಯುತ್ತಲೇ ಇರಲಿಲ್ಲ.

ಎದೆಯಲ್ಲಿ ಎಷ್ಟು ಗಾಳಿ ಹಿಡಿಸುವುದೆಂಬುದನ್ನು ಮೊದಲು ಕ್ರಮವಾಗಿ ಅಳೆದವನು ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್. ನೀರಿನಲ್ಲಿ ಬೋರಲಾಗಿ ತೇಲುವ ಪಾತ್ರೆಯೊಳಕ್ಕೆ ಊದಿಸಿ, ಪಾತ್ರೆ ಎಷ್ಟು ಮೇಲೇರಿತೆಂದು ನೋಡುವ ಸಾಧನವೊಂದನ್ನು ಅವನು ರಚಿಸಿದನು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 1846ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಪೂರ್ತಿಯಾಗಿ ಉಸಿರೆಳೆದು ಪೂರ್ತಿಯಾಗಿ ಹೊರಬಿಟ್ಟಾಗ ಬರುವ ಗಾಳಿಯ ಮೊತ್ತವು ಆಳಿನ ಎತ್ತರವನ್ನು ಅನುಸರಿಸುವುದೆಂದು ಅವನು ಕಂಡನು. ನಮ್ಮ ದೇಶದ ತರುಣನಲ್ಲಿ ಈ ಮೊತ್ತ ಸುಮಾರು ಮೂರೂವರೆಯಿಂದ ನಾಲ್ಕು ಲೀಟರು, ತರುಣಿಯಲ್ಲಿ ಎರಡೂವರೆಯಿಂದ ಮೂರು ಲೀಟರು. ಸುಮ್ಮನೆ ಕುಳಿತಿರುವಾಗ ನಾವು ಒಂದು ಸಲಕ್ಕೆ ಒಳಗೆಳೆಯುವುದು ಅರ್ಧ ಲೀಟರು ಮಾತ್ರ. ಎಷ್ಟೇ ಹಿಂಡಿದರೂ ಹೊರಬಾರದೆ ಒಳಗೇ ಉಳಿಯುವ ಗಾಳಿ ಇನ್ನೂ ಒಂದು ಲೀಟರಿನಷ್ಟಿರುವುದು. ಎತ್ತರ, ವಯಸ್ಸು, ಲಿಂಗ ಇವೇ ಈ ಮೊತ್ತವನ್ನು ಬಹುಮಟ್ಟಿಗೆ ನಿರ್ಧರಿಸುವುವು; ಸಾಧನೆಯಿಂದ ಅದನ್ನು ಹೆಚ್ಚಿಸಿಕೊಳ್ಳಲಾಗುವುದು ಅತ್ಯಲ್ಪ. ವರ್ಷಗಟ್ಟಲೆ ಅಭ್ಯಾಸ ಮಾಡಿದವನಿಗೆ ಉಸಿರು ಉದ್ದವಾಗುವುದಂತೂ ನಿಜ. ಹಾಗಾದರೆ ಬದಲಾದುದು ಏನು?

ಇದಕ್ಕೆ ಉತ್ತರ ತುಟಿಯಲ್ಲಿದೆ. ಕೊಳಲನ್ನು ಊದುವಾಗ ತುಟಿಗಳ ನಡುವಣ ಸಣ್ಣ ಸೀಳಿನಿಂದ ಗಾಳಿಯ ತೆಳುವಾದ ಪಟ್ಟಿಯೊಂದು ಹೊರಟು, ಊದುರಂಧ್ರದ ಎದುರಂಚಿಗೆ ಬಡಿಯುವುದು. ಆ ಪಟ್ಟಿಯು ಅಂಚಿನ ಒಳಕ್ಕೊಮ್ಮೆ ಹೊರಕ್ಕೊಮ್ಮೆ ತೂಗಾಡಿ ಕೊಳವೆಯೊಳಗಣ ಗಾಳಿಯ ಕಂಬವನ್ನು ಕಂಪಿಸುವುದು. ಕೊಳವೆಯ ಗಾಳಿ ಹೇಗೆ ಕಂಪಿಸಬೇಕೆಂಬುದನ್ನು ಅದರ ಉದ್ದವೇ ಗೊತ್ತುಮಾಡುವುದು. ನಮ್ಮ ಉಸಿರು ಆ ಕಂಪನಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವುದು, ಅಷ್ಟೆ. ನಾವು ಊದಿದ ಗಾಳಿ ಕೊಳವೆಯನ್ನು ತುಂಬಿಕೊಂಡು ಹೋದರೆ ನಾದ ಹೊರಡುವುದೆಂಬ ತಿಳಿವಳಿಕೆ ತಪ್ಪು. ಆದುದರಿಂದ ಉದ್ದವಾದ ಕೊಳವೆಯನ್ನು "ತುಂಬಲು" ಹೆಚ್ಚು ಉಸಿರು ಬೇಕೆಂಬುದೂ ಸರಿಯಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಕೊಳಲಿನ ನಡುಸ್ಥಾಯಿಯ ಸ್ವರಕ್ಕೆ ಬಾಯೊಳಗೆ ಬೇಕಾಗುವ ಒತ್ತಡ ಹೆಚ್ಚೇನಿಲ್ಲ, ಮೂರು ಸೆಂಟಿಮೀಟರು ಎತ್ತರದ ನೀರಿನ ಒತ್ತಡದಷ್ಟು. ಒಂದು ಲೀಟರು ಗಾಳಿಯ ತೂಕ ಒಂದು ಗ್ರಾಮಿಗಿಂತ ತುಸು ಹೆಚ್ಚು. ಬರ್ನೌಲಿಯ ಸೂತ್ರವನ್ನು ಕಲಿತಿರುವ ಕಾಲೇಜು ವಿದ್ಯಾರ್ಥಿಯು ಇವೆರಡರಿಂದ ಗಾಳಿಯ ವೇಗವನ್ನು ಕಂಡುಹಿಡಿಯಬಲ್ಲನು: ಸೆಕೆಂಡಿಗೆ ಸುಮಾರು 22 ಮೀಟರು, ಎಂದರೆ ಗಂಟೆಗೆ 80 ಕಿಲೋಮೀಟರು. ಶಿರಾದ ಬಳಿ ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗವಿದು! ಮೆಲ್ಲನೆ ಊದುತ್ತಿರುವೆನೆಂದು ನಂಬಿರುವ ವಾದಕನ ತುಟಿಯಿಂದ ಇಂಥ ಗಾಳಿ ಹೊರಡುತ್ತಿರುವುದು. ತುಟಿಯ ಸೀಳು ಒಂದು ಸೆಂಟಿಮೀಟರು ಅಗಲ, ಒಂದು ಮಿಲಿಮೀಟರಿಗೆ ತುಸು ಕಡಮೆ ಎತ್ತರವಾಗಿದ್ದರೆ ಸೆಕೆಂಡಿಗೆ ಸುಮಾರು 180 ಘನ ಸೆಂಟಿಮೀಟರು ಗಾಳಿ ಖರ್ಚಾಗುವುದು. ಬಳಸಬಹುದಾದ ಗಾಳಿ ಮೂರು ಲೀಟರೆಂದರೆ, ಒಂದು ಉಸಿರು ಹದಿನಾರು ಹದಿನೇಳು ಸೆಕೆಂಡು ಬರುವುದು. ಅದೇ ಸೀಳಿನ ಎತ್ತರ ಇಮ್ಮಡಿಯಾದರೆ? ಎಂಟೇ ಸೆಕೆಂಡಿಗೆ ಉಸಿರು ಮುಗಿಯುವುದು. ಹೊಸಬನ ತುಟಿ ಎರಡರಷ್ಟಲ್ಲ, ಮೂರರಷ್ಟು ತೆರೆದಿರುವುದೂ ಅಪರೂಪವಲ್ಲ. ಅದರಲ್ಲಿಯೂ ಅರ್ಧದಷ್ಟು ಗಾಳಿ ಊದುರಂಧ್ರದ ಅಂಚನ್ನು ಮುಟ್ಟದೆಯೇ ಆಚೀಚೆ ಹೋಗಿಬಿಡುವುದು. "ಉಸಿರು ಸಾಲದು" ಎಂಬ ಮಾತಿನ ಹಿಂದಿರುವುದು ಬಹುಪಾಲು ಈ ಸೋರಿಕೆಯೇ. ಎದೆಯ ಗಾಳಿಯನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿಕೊಳ್ಳುವುದು ಅಸಾಧ್ಯಕ್ಕೆ ಸಮೀಪವಾದ ಕೆಲಸ. ತುಟಿಯ ಸೀಳನ್ನು ಅರ್ಧಕ್ಕೆ ಇಳಿಸುವುದು ಕೆಲವು ತಿಂಗಳ ಸಾಧನೆ.

ಇನ್ನು ಉಸಿರಿನ ಹಿಡಿತದ ಮಾತು. ಈ ವಿಷಯದ ತಿರುಳೇ ಇದಾದುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿರುವ ಸ್ನಾಯುವಿನ ತೆರೆಯೊಂದಿದೆ. ಅದರ ಹೆಸರು ವಪೆ. ಉಸಿರೆಳೆಯುವಾಗ ಅದು ಬಿಗಿದು ಕೆಳಕ್ಕಿಳಿಯುವುದು, ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುವುವು, ಎದೆಯ ಗೂಡು ಹಿಗ್ಗುವುದು. ವಪೆಯು ಕೆಳಗಿಳಿದಾಗ ಕರುಳುಗಳಿಗೆ ಎಡೆ ಸಾಲದೆ ಹೊಟ್ಟೆ ಮುಂದಕ್ಕೆ ಬರುವುದು. ಗುರುಗಳು "ಹೊಟ್ಟೆಯಲ್ಲಿ ಉಸಿರು ತುಂಬಿಕೋ" ಎನ್ನುವುದರ ಅರ್ಥ ಇಷ್ಟೇ. ಹೊಟ್ಟೆಯೊಳಕ್ಕೆ ಗಾಳಿ ಹೋಗುವುದಿಲ್ಲ, ಹೋದರೆ ತೇಗು ಬಂದೀತು. ಹೀಗೆ ಹಿಗ್ಗಿದ ಶ್ವಾಸಕೋಶವೂ ಎದೆಯ ಗೂಡೂ ಎಳೆದ ರಬ್ಬರಿನಂತೆ ತಮ್ಮ ಮೊದಲಿನ ಸ್ಥಿತಿಗೆ ಮರಳಲು ಹವಣಿಸುತ್ತಿರುವುವು. ಪೂರ್ತಿಯಾಗಿ ಉಸಿರೆಳೆದು, ಸ್ನಾಯುಗಳನ್ನೆಲ್ಲ ಸಡಿಲಬಿಟ್ಟರೆ, ಈ ಸ್ಥಿತಿಸ್ಥಾಪಕತೆಯಿಂದಲೇ ಬಾಯಲ್ಲಿ ಸುಮಾರು 30 ಸೆಂಟಿಮೀಟರು ನೀರಿನಷ್ಟು ಒತ್ತಡ ಉಂಟಾಗುವುದು. ಕೊಳಲಿಗೆ ಬೇಕಾದುದೋ ಮೂರು ಸೆಂಟಿಮೀಟರು! ಹತ್ತರಷ್ಟು ಒತ್ತಡ ತಾನೇ ತಾನಾಗಿ ಸಿದ್ಧವಾಗಿರುವಾಗ ಇನ್ನೂ ತಳ್ಳುವುದೇಕೆ? ಇಲ್ಲಿ ಮಾಡಬೇಕಾದುದು ತಡೆಯುವ ಕೆಲಸ. ಉಸಿರೆಳೆಯಲು ಬಳಸಿದ ಸ್ನಾಯುಗಳನ್ನೇ ಒಮ್ಮೆಗೆ ಸಡಿಲಗೊಳಿಸದೆ, ಬಿಗಿಯನ್ನು ಎಳೆಯೆಳೆಯಾಗಿ ಬಿಡುತ್ತ ಬರಬೇಕು. ಉಸಿರು ಹೊರಹೋಗುತ್ತಿರುವಾಗ ಉಸಿರೆಳೆಯುವ ಸ್ನಾಯುಗಳು ದುಡಿಯುತ್ತಿರಬೇಕೆಂಬುದು ಮೊದಲ ಕೇಳುವಿಕೆಗೆ ವಿಚಿತ್ರವೆನಿಸಿದರೂ ನಿಜ.

ಕೆರೆಯ ನೀರನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಕೆರೆ ಕೋಡಿ ಬಿದ್ದಾಗ ತೂಬಿನ ಮೇಲಣ ನೀರಿನ ಭಾರ ಬಹಳ. ಆಗ ತೂಬನ್ನು ಪೂರ್ತಿ ಎತ್ತಿದರೆ ಕಾಲುವೆ ಕೊಚ್ಚಿಹೋಗುವುದು. ಬುದ್ಧಿವಂತನಾದ ನೀರಗಂಟಿಯು ಮೊದಲಲ್ಲಿ ಅದನ್ನು ತುಸುವೇ ತೆರೆದು, ನೀರು ಇಳಿದಂತೆಲ್ಲ ಹೆಚ್ಚು ಹೆಚ್ಚಾಗಿ ತೆರೆಯುತ್ತ, ಕಾಲುವೆಯ ಹರಿವು ಒಂದೇ ಸಮನಾಗಿರುವಂತೆ ನೋಡಿಕೊಳ್ಳುವನು. ನೀರು ತೂಬಿನ ಮಟ್ಟಕ್ಕಿಂತ ಕೆಳಗಿಳಿದರೆ ಅದು ತಾನಾಗಿ ಹರಿಯದು. ಏತ ಹೂಡಿ ಎತ್ತಬೇಕು. ಉಸಿರೂ ಹಾಗೆಯೇ. ಬಳಸಬಹುದಾದ ಗಾಳಿಯ ಅರ್ಧಕ್ಕಿಂತ ಹೆಚ್ಚು ಭಾಗದವರೆಗೆ ತಡೆಯುವ ಕೆಲಸ. ಆಮೇಲೆ ಎದೆಯ ಸ್ಥಿತಿಸ್ಥಾಪಕತೆ ಸೋತು, ಹೊಟ್ಟೆಯ ಸ್ನಾಯುಗಳು ಒಳಕ್ಕೆ ಒತ್ತಿ ಗಾಳಿಯನ್ನು ತಳ್ಳುವ ಕೆಲಸ. ಉಪಮೆ ಎಲ್ಲ ಕಡೆಯೂ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು: ನೀರಗಂಟಿಯು ಬಾಯನ್ನು ಕಿರಿದು ಮಾಡುವನು, ಕೊಳಲುಗಾರನು ಒತ್ತಡವನ್ನೇ ತಗ್ಗಿಸುವನು. ತಡೆಯುವುದರಿಂದ ತಳ್ಳುವುದಕ್ಕೆ ಹೊರಳುವ ಆ ಗಳಿಗೆ ಕೇಳುವವರಿಗೆ ಗೊತ್ತೇ ಆಗಬಾರದು. ನಮ್ಮ ಅಭಿಪ್ರಾಯದಲ್ಲಿ ಕೊಳಲಿನ ಉಸಿರಾಟದ ಸಾಧನೆಯೆಂಬುದೆಲ್ಲ ಈ ಹೊರಳುವಿಕೆಯ ಸಾಧನೆಯೇ.

ಹೊಸಬನ ಕೊಳಲು ಮೊದಲು ಕೀಚಲು ದನಿಯಲ್ಲಿ ಕಿರುಚಿ ಕೊನೆಗೆ ಶ್ರುತಿ ಇಳಿದು ಸೊರಗುವುದೇಕೆಂಬುದು ಈಗ ವಿಶದವಾಗುವುದು. ಎದೆ ತುಂಬಿದ ಕೂಡಲೇ ಅವನು ತಳ್ಳುವನು. ಒತ್ತಡ ಮಿತಿಮೀರಿ ಸ್ವರ ಮೇಲಿನ ಸ್ಥಾಯಿಗೆ ನೆಗೆಯುವುದು. ಕೊನೆಯಲ್ಲಿ ತಳ್ಳಬೇಕಾದಾಗ ತಳ್ಳಲು ಮರೆಯುವನು. ಗಾಳಿಯ ವೇಗ ಕುಗ್ಗಿದಂತೆ ಶ್ರುತಿಯೂ ಇಳಿಯುವುದು. ದೇವರು ಕೊಟ್ಟ ಉಸಿರಿನಲ್ಲಿ ಕೊರತೆಯೇನಿಲ್ಲ, ಅದನ್ನು ಹಂಚುವ ಲೆಕ್ಕ ತಲೆಕೆಳಗಾಗಿರುವುದು.

ಮೇಲಿನ ಸ್ಥಾಯಿಗೆ ಏರುವುದು ಕೂಡ ಬರಿಯ ಬಲದ ಮಾತಲ್ಲ. ಗಾಳಿಯ ಪಟ್ಟಿ ತುಟಿಯಿಂದ ಅಂಚಿಗೆ ತಲಪುವ ಕಾಲವು ಸ್ವರದ ಕಂಪನಕಾಲಕ್ಕೆ ಹೊಂದಿಕೊಳ್ಳಬೇಕು. ಕಂಪನಗಳ ಸಂಖ್ಯೆ ಇಮ್ಮಡಿಯಾದಾಗ ಈ ಕಾಲವು ಅರ್ಧವಾಗಬೇಕು. ಬರಿಯ ವೇಗವನ್ನು ಹೆಚ್ಚಿಸಿಯೇ ಇದನ್ನು ಸಾಧಿಸಹೊರಟರೆ ವೇಗ ಇಮ್ಮಡಿ, ಒತ್ತಡ ನಾಲ್ಕು ಮಡಿ ಆಗಬೇಕಾದೀತು. ನುರಿತ ವಾದಕನು ತುಟಿಯನ್ನು ಸ್ವಲ್ಪ ಮುಂದಕ್ಕೆ ಚಾಚಿ ದೂರವನ್ನು ಹತ್ತರಲ್ಲಿ ಏಳು ಪಾಲಿಗೆ ಇಳಿಸುವನು, ವೇಗವನ್ನು ಒಂದೂವರೆಗಿಂತ ಕೊಂಚ ಕಡಮೆ ಮಡಿ ಏರಿಸುವನು; ಕಾಲ ಅರ್ಧವಾಯಿತು, ಒತ್ತಡ ಮಾತ್ರ ಎರಡೇ ಮಡಿ. ಆಸ್ಟ್ರೇಲಿಯದ ಭೌತವಿಜ್ಞಾನಿ ನೆವಿಲ್ ಫ್ಲೆಚರ್ ಪಾಶ್ಚಾತ್ಯ ಕೊಳಲಿನ ವಾದಕರನ್ನು ಅಳೆದು 1975ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ: ಸ್ವರದ ಕಂಪನಸಂಖ್ಯೆ ಏರಿದ ಪ್ರಮಾಣದಲ್ಲಿಯೇ ಬಾಯ ಒತ್ತಡವೂ ಏರುವುದು. ನಾದದ ಗಟ್ಟಿತನವನ್ನು ಅವರು ಹೆಚ್ಚುಕಡಮೆ ಮಾಡುತ್ತಿದ್ದುದು ಬಹುಮಟ್ಟಿಗೆ ತುಟಿಯ ಸೀಳನ್ನು ಹಿರಿದು ಕಿರಿದು ಮಾಡುವುದರಿಂದ.

ಇಲ್ಲಿ ಓಲಗದವರ ಕಡೆಗೊಮ್ಮೆ ನೋಡಬೇಕು. ನಾಗಸ್ವರ, ಮುಖವೀಣೆ, ಮೌರಿ ಇವು ಗರಿಯ ನಾಲಗೆಯುಳ್ಳ ವಾದ್ಯಗಳು. ಅವುಗಳ ಬಾಯಿ ಬಲು ಕಿರಿದು. ಅದರ ಮೂಲಕ ಗಾಳಿಯನ್ನು ನುಗ್ಗಿಸಲು ಕೊಳಲಿಗೆ ಬೇಕಾಗುವುದರ ಹಲವು ಮಡಿ ಒತ್ತಡ ಬೇಕು. ಆದರೆ ಖರ್ಚಾಗುವ ಗಾಳಿ ಕಡಮೆ. ಓಲಗದವನ ಕೆನ್ನೆ ಉಬ್ಬಿ ಕತ್ತಿನ ನರ ಬಿಗಿದಿರುವುದನ್ನೂ ಕೊಳಲಿನವನ ಮುಖ ಶಾಂತವಾಗಿರುವುದನ್ನೂ ಕಂಡು, ಮೊದಲಿನವನಿಗೆ ಗಾಳಿ ಹೆಚ್ಚು ಬೇಕೆಂದು ಜನರು ಬಗೆಯುವರು. ನಿಜವು ಇದಕ್ಕೆ ವಿರುದ್ಧ. ಕೆನ್ನೆಯಲ್ಲಿ ಗಾಳಿಯನ್ನು ಕೂಡಿಟ್ಟುಕೊಂಡು, ಅದನ್ನು ಹಿಂಡುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನೆಳೆದು, ದನಿ ಕಡಿಯದಂತೆ ನುಡಿಸುವ ಚಮತ್ಕಾರ ಪುಂಗಿಯವರಿಗೂ ಇಂಥ ವಾದಕರಿಗೂ ಸಾಧ್ಯವಾಗುವುದು ಈ ಕಾರಣದಿಂದಲೇ. ಕೆನ್ನೆಯಲ್ಲಿ 100 ಘನ ಸೆಂಟಿಮೀಟರು ಗಾಳಿ ಹಿಡಿಸುವುದೆಂದಿಟ್ಟುಕೊಳ್ಳೋಣ. ಸೆಕೆಂಡಿಗೆ 50 ಘನ ಸೆಂಟಿಮೀಟರು ಬಳಸುವ ವಾದ್ಯಕ್ಕೆ ಅದು ಎರಡು ಸೆಕೆಂಡು ಬಂದೀತು. ಉಸಿರೆಳೆದುಕೊಳ್ಳಲು ಅಷ್ಟು ಧಾರಾಳ. 180 ಬಳಸುವ ಕೊಳಲಿಗೆ ಅರ್ಧ ಸೆಕೆಂಡಿನ ಮಾತು. ಕೊಳಲಿನಲ್ಲಿಯೂ ಈ ವಿದ್ಯೆಯನ್ನು ಸಾಧಿಸಿದವರಿದ್ದಾರೆ. ಆದರೆ ಹಾಡಿನ ಸಾಲು ಎಲ್ಲಿ ಮುಗಿಯುವುದೆಂದು ತಿಳಿದು ಅಲ್ಲಿ ಉಸಿರೆಳೆಯುವುದೇ ಕೊಳಲಿಗೆ ಸಹಜವಾದ ಮಾರ್ಗ. ಗಾಯಕನೂ ಉಸಿರೆಳೆಯುವನಲ್ಲವೆ?

ಕೊಳಲು ಕಲಿಯುವವರಿಗೆ ಮೊದಮೊದಲು ತಲೆ ಸುತ್ತುವುದುಂಟು. ಇದನ್ನು ನಿಶ್ಶಕ್ತಿಯೆಂದು ಭಾವಿಸಿ ಹಾಲು, ಮೊಟ್ಟೆ ತಿನ್ನಿಸುವ ತಾಯಂದಿರಿದ್ದಾರೆ. ತಿನ್ನಿಸಲಿ, ಬೇಡವೆನ್ನುವುದಿಲ್ಲ, ಆದರೆ ಕಾರಣ ಬೇರೆ. ಬೇಗಬೇಗನೆ ಆಳವಾಗಿ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡು ಮಿತಿಮೀರಿ ಹೊರಹೋಗುವುದು. ಅದು ಕಡಮೆಯಾದಾಗ ಮಿದುಳಿನ ರಕ್ತನಾಳಗಳು ಕುಗ್ಗಿ, ಅಲ್ಲಿಗೆ ಹರಿಯುವ ರಕ್ತ ತಗ್ಗುವುದು. ಕೊಳಲನ್ನು ಕೆಳಗಿಟ್ಟು ಎರಡು ನಿಮಿಷ ಕುಳಿತು ಸಹಜವಾಗಿ ಉಸಿರಾಡಿದರೆ ಸರಿಹೋಗುವುದು.

ಇದೇ ಸಂಗತಿ ನೀರಿನಲ್ಲಿ ಪ್ರಾಣಾಂತಿಕವಾಗಬಲ್ಲದು. ಉಸಿರಾಡಬೇಕೆಂಬ ತಡೆಯಲಾಗದ ಒತ್ತಾಯವು ನಮಗೆ ಉಂಟಾಗುವುದು ಆಮ್ಲಜನಕ ಕಡಮೆಯಾದುದರಿಂದ ಎಂದು ಹಲವರು ತಿಳಿದಿರುವರು. ಅದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡು ಕೂಡಿಕೊಂಡುದರಿಂದ. ಬಾವಿಯಲ್ಲಿಯೋ ಕಲ್ಯಾಣಿಯಲ್ಲಿಯೋ ಯಾರು ಹೆಚ್ಚು ಹೊತ್ತು ಮುಳುಗಿರುವರೆಂದು ಪಂತ ಕಟ್ಟುವ ಹುಡುಗರು ಮುಳುಗುವ ಮೊದಲು ಹತ್ತು ಹದಿನೈದು ಸಲ ಜೋರಾಗಿ ಉಸಿರಾಡಿಕೊಳ್ಳುವರು. ಇದರಿಂದ ಆಮ್ಲಜನಕವೇನೂ ಹೆಚ್ಚಾಗಿ ಕೂಡುವುದಿಲ್ಲ, ರಕ್ತವು ಮೊದಲೇ ಅದರಿಂದ ತುಂಬಿರುವುದು. ಎಚ್ಚರಿಸಬೇಕಾದ ಡೈಆಕ್ಸೈಡು ಮಾತ್ರ ಬರಿದಾಗುವುದು. ಉಸಿರಾಡಬೇಕೆಂಬ ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ತೀರಿ, ಹುಡುಗನು ನೀರಿನ ಒಳಗೇ ಮೂರ್ಛೆಹೋಗುವನು. ಅವನು ಒದ್ದಾಡುವುದಿಲ್ಲ, ಕೂಗುವುದಿಲ್ಲ; ದಡದಲ್ಲಿರುವವರು ಅವನು ಪಂತವನ್ನು ಗೆಲ್ಲುತ್ತಿರುವನೆಂದೇ ಎಣಿಸುವರು. ಈಜಿನಲ್ಲಿ ನುರಿತವರೂ ಹೀಗೆ ಸತ್ತಿರುವರು. ಕೊಳಲಿಗಾಗಿ ಉಸಿರಿನ ಸಾಧನೆ ಮಾಡುವ ವಿದ್ಯಾರ್ಥಿಯು ಅದನ್ನು ನೆಲದ ಮೇಲೆಯೇ ಮಾಡಲಿ, ನೀರಿನ ಬಳಿಗೆ ಒಯ್ಯದಿರಲಿ. ಉಬ್ಬಸವುಳ್ಳವರು ವೈದ್ಯರನ್ನು ಕೇಳಿಯೇ ಕಲಿಕೆಯನ್ನು ಆರಂಭಿಸತಕ್ಕದ್ದು.

ಮಧುಗಿರಿಯ ಏಕಶಿಲೆಯ ಬೆಟ್ಟದ ಮೇಲೆ ನಿಂತು ಊದಿದರೆ ಶ್ರುತಿ ಬದಲಾಗುವುದೇ ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ಅದರ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರು ಎತ್ತರ. ಊರಿನಲ್ಲಿರುವುದಕ್ಕಿಂತ ಗಾಳಿಯ ಒತ್ತಡ ನೂರಕ್ಕೆ ನಾಲ್ಕೈದು ಪಾಲು ಕಡಮೆ. ಆದರೆ ಒತ್ತಡ ತಗ್ಗಿದಷ್ಟೇ ಗಾಳಿ ತೆಳುವಾಗುವುದರಿಂದ ನಾದದ ವೇಗ ಬದಲಾಗದು, ಶ್ರುತಿಯೂ ಬದಲಾಗದು. ಬದಲಾಯಿಸುವುದು ಶಾಖ. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಪಾವಗಡದ ಬೇಸಗೆಯ 38 ಡಿಗ್ರಿಗೆ ಏರಿದಾಗ ನಾದದ ವೇಗ ಸೆಕೆಂಡಿಗೆ 340 ಮೀಟರಿನಿಂದ 354ಕ್ಕೆ ಏರುವುದು. ಶ್ರುತಿಯೂ ನೂರಕ್ಕೆ ನಾಲ್ಕರಷ್ಟು ಮೇಲೇರುವುದು. ಷಡ್ಜಕ್ಕೂ ಶುದ್ಧ ಋಷಭಕ್ಕೂ ಇರುವ ಅಂತರ ನೂರಕ್ಕೆ ಆರರಷ್ಟೇ ಆದುದರಿಂದ ಇದು ಸಣ್ಣ ಮಾತಲ್ಲ. ವಾದಕನ ಬೆಚ್ಚನೆಯ ಉಸಿರು ಬಿದಿರಿನೊಳಗೆ ಸೇರುತ್ತಿರುವುದರಿಂದ ವ್ಯತ್ಯಾಸ ಕೊಂಚ ತಗ್ಗುವುದು. ಚಳಿಯಲ್ಲಿ ಶ್ರುತಿ ಸೇರಿಸುವ ಮೊದಲು ಕೊಳಲನ್ನು ಊದಿ ಬೆಚ್ಚಗೆ ಮಾಡಿಕೊಳ್ಳುವುದು ಇದಕ್ಕಾಗಿಯೇ.

ಮನೆಯಲ್ಲಿ ಮಾಡಬಹುದಾದ ಪ್ರಯೋಗವೊಂದಿದೆ. ಲೋಟದ ನೀರಿನಲ್ಲಿ ಹೀರುಕೊಳವೆಯ ತುದಿಯನ್ನು ಮೂರು ಸೆಂಟಿಮೀಟರು ಆಳಕ್ಕೆ ಇಳಿಸಿ, ಗುಳ್ಳೆಗಳು ಒಂದೇ ಸಮನಾಗಿ, ಒಂದೊಂದಾಗಿ ಏಳುವಂತೆ ಊದಬೇಕು. ಅಷ್ಟು ಆಳದ ನೀರನ್ನು ತಳ್ಳಲು ಬೇಕಾದ ಒತ್ತಡವೇ ಕೊಳಲಿನ ಒತ್ತಡ. ಎದೆ ತುಂಬಿರುವಾಗ ಗುಳ್ಳೆಗಳು ಭುಗಿಲೆನ್ನದಂತೆ ತಡೆಯುವುದೇ ಕಷ್ಟವೆಂದೂ, ಕೊನೆಯಲ್ಲಿ ಹೊಟ್ಟೆ ತಾನಾಗಿ ಒಳಕ್ಕೆ ಎಳೆದುಕೊಳ್ಳುವುದೆಂದೂ ಮೊದಲ ದಿನವೇ ತಿಳಿಯುವುದು.

ಇನ್ನು ಗಣೆಯ ಲೆಕ್ಕ. ಒಂದು ಮೀಟರು ಉದ್ದದ, ಎರಡೂ ತುದಿ ತೆರೆದ ಕೊಳವೆಯೆಂದಿಟ್ಟುಕೊಂಡರೆ ಅದರ ಮೂಲಸ್ವರ ಸೆಕೆಂಡಿಗೆ ಸುಮಾರು 170 ಕಂಪನಗಳದು. ಇಷ್ಟು ಮಂದ್ರವಾದ ಸ್ವರಕ್ಕೆ, ಮೇಲಿನ ನಿಯಮದಂತೆ, ಒಂದೂವರೆ ಸೆಂಟಿಮೀಟರು ನೀರಿನ ಒತ್ತಡ ಸಾಕು. ಗಾಳಿಯ ವೇಗ ಸೆಕೆಂಡಿಗೆ 16 ಮೀಟರು. ಆದರೆ ಕೊಳವೆ ದಪ್ಪವಾದುದರಿಂದ ತುಟಿಯ ಸೀಳು ಹಿರಿದಾಗಿರಬೇಕು. ಅದು ಇಮ್ಮಡಿಯೆಂದರೆ ಸೆಕೆಂಡಿಗೆ 250 ಘನ ಸೆಂಟಿಮೀಟರು ಗಾಳಿ, ಮೂರು ಲೀಟರಿಗೆ ಹನ್ನೆರಡು ಸೆಕೆಂಡು. ವಯಸ್ಸಾದಂತೆ ಎದೆಯ ಗಾಳಿ ವರ್ಷಕ್ಕೆ 25ರಿಂದ 30 ಘನ ಸೆಂಟಿಮೀಟರಿನಂತೆ ಇಳಿಯುತ್ತ ಹೋಗುವುದು. ಅರವತ್ತೈದು ದಾಟಿದ ಗಣೆಗಾರನು ತನ್ನ ಯೌವನದ ಗಾಳಿಯಲ್ಲಿ ಒಂದು ಲೀಟರನ್ನು ಕಳೆದುಕೊಂಡಿರುವನು. ಅವನಿಗೆ ಉಳಿಯುವುದು ಎಂಟು ಸೆಕೆಂಡು. ಕಥೆ ಹಾಡುತ್ತ ಬೆಳೆದವನಿಗೆ ಎಂಟು ಸೆಕೆಂಡಿನಲ್ಲಿ ಒಂದು ಸಾಲು ಮುಗಿಸುವುದು ಕಷ್ಟವಲ್ಲ.

ಈ ಅಂಕಿಗಳನ್ನು ಕಾಲೇಜಿನ ವಿದ್ಯಾರ್ಥಿಗಳೇ ಹಟ್ಟಿಗೆ ಹೋಗಿ, ಹಿರಿಯರ ಒಪ್ಪಿಗೆ ಪಡೆದು, ಪರೀಕ್ಷಿಸಿ ನೋಡಬಹುದು. ಬಣ್ಣದ ನೀರು ತುಂಬಿದ, ಎರಡು ತೋಳಿನ ಗಾಜಿನ ಕೊಳವೆ ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಇರುವುದು. ಅದರ ಒಂದು ತೋಳಿಗೆ ಸಣ್ಣ ರಬ್ಬರು ನಳಿಕೆಯನ್ನು ಸಿಕ್ಕಿಸಿ, ತೊಳೆದು ಶುಚಿಮಾಡಿದ ಅದರ ಇನ್ನೊಂದು ತುದಿಯನ್ನು ವಾದಕನ ಬಾಯ ಮೂಲೆಯಲ್ಲಿರಿಸಿದರೆ, ಅವನು ನುಡಿಸುತ್ತಿರುವಾಗಲೇ ಎರಡು ತೋಳುಗಳ ನೀರಿನ ಮಟ್ಟದ ಅಂತರವನ್ನು ಅಳತೆಪಟ್ಟಿಯಿಂದ ಓದಿಕೊಳ್ಳಬಹುದು. ಒಬ್ಬನು ಗಡಿಯಾರ ಹಿಡಿದಿರಲಿ, ಇನ್ನೊಬ್ಬನು ಪ್ರತಿ ಎರಡು ಸೆಕೆಂಡಿಗೊಮ್ಮೆ ನೀರಿನ ಮಟ್ಟವನ್ನು ಬರೆದುಕೊಳ್ಳಲಿ. ಹೊಸಬನದನ್ನೂ ಹಿರಿಯ ಗಣೆಗಾರನದನ್ನೂ ಒಂದೇ ಹಾಳೆಯ ಮೇಲೆ ರೇಖೆಯಾಗಿ ಎಳೆದರೆ, ಒಂದು ಇಳಿಜಾರಾಗಿಯೂ ಇನ್ನೊಂದು ಹೆಚ್ಚುಕಡಮೆ ಸಮತಟ್ಟಾಗಿಯೂ ಬರುವುದು.